ಇಂಗ್ಲಿಷ್ ಕಥನದಲ್ಲಿ ಭೀತಿಸೂಚಕ ಕ್ರಿಯಾವಿಶೇಷಣಗಳು

ಕತ್ತಲೆ, ಖಿನ್ನತೆ, ಬರಲಿರುವ ಕೇಡಿನ ಸುಳಿವು ಇವುಗಳನ್ನು ಒಂದು ಕ್ರಿಯೆಗೋ ಮಾತಿಗೋ ಹೊಂದಿಸುವ ಡಾರ್ಕ್ಲಿ, ಗ್ರಿಮ್ಲಿ, ಗ್ಲೂಮಿಲಿ, ಓಮಿನಸ್ಲಿ ಮೊದಲಾದ ಪದಗಳು. 18ನೇ ಶತಮಾನದ ಗಾಥಿಕ್ ಕಾದಂಬರಿಗಳಲ್ಲಿ ಇಂಥ ಪದಗಳ ಬಳಕೆ ಒಂದು ಶೈಲಿಯಾಗಿ ಬೇರೂರಿತು. 20ನೇ ಶತಮಾನದಲ್ಲಿ ಅದೇ ಶೈಲಿ ವಿಮರ್ಶಕರ ಆಕ್ಷೇಪಕ್ಕೂ ಓದುಗರ ನಗೆಗೂ ಗುರಿಯಾಯಿತು.

ಮೂಲ

ಕನ್ನಡದಲ್ಲಿ 'ಗಂಭೀರ' ಎಂಬುದಕ್ಕೆ 'ಆಗಿ' ಸೇರಿ 'ಗಂಭೀರವಾಗಿ' ಆಗುವಂತೆ, ಇಂಗ್ಲಿಷಿನಲ್ಲಿ ಗುಣವಾಚಕಕ್ಕೆ 'ಲಿ' ಪ್ರತ್ಯಯ ಸೇರಿ ಕ್ರಿಯಾವಿಶೇಷಣವಾಗುವುದು ಸಾಮಾನ್ಯ. ಈ ಗುಂಪಿನ ಹಳೆಯ ಪದಗಳಲ್ಲಿ ಬೆದರಿಕೆಯ ಅರ್ಥ ಯಾವಾಗಲೂ ಮುಂದಿರಲಿಲ್ಲ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದಲ್ಲಿ ಬರುವ ಡಾರ್ಕ್ಲಿ ಎಂಬುದಕ್ಕೆ 'ಅಸ್ಪಷ್ಟವಾಗಿ' ಎಂದಷ್ಟೇ ಅರ್ಥ. 'ಕತ್ತಲಲ್ಲಿ' ಎಂಬ ಅರ್ಥದ ಡಾರ್ಕ್ಲಿಂಗ್ ಇನ್ನೊಂದು ಹಳೆಯ ಕ್ರಿಯಾವಿಶೇಷಣ. ಶೇಕ್ಸ್‌ಪಿಯರನ 'ಕಿಂಗ್ ಲಿಯರ್', ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್' (1667), ನೈಟಿಂಗೇಲ್ ಹಕ್ಕಿಯನ್ನು ಕುರಿತ ಕೀಟ್ಸ್‌ನ ಪ್ರಗಾಥ (1819) ಇವುಗಳಲ್ಲಿ ಅದು ಹಾಗೆಯೇ ಬಳಕೆಯಾಗಿದೆ. ಥಾಮಸ್ ಹಾರ್ಡಿ 1900ರ ಕೊನೆಯಲ್ಲಿ ಪ್ರಕಟಿಸಿದ ಕವಿತೆಯ ಶೀರ್ಷಿಕೆಯಲ್ಲಿ ಅದು ಗುಣವಾಚಕ. ಕತ್ತಲೆಯ ಜೊತೆಗೆ ಒಂದು ಶತಮಾನದ ಮುಸ್ಸಂಜೆಯ ವಿಷಾದವೂ ಅದಕ್ಕೆ ಸೇರಿಕೊಂಡಿದೆ.

ಗಾಥಿಕ್ ಕಾದಂಬರಿ

ಭವ್ಯತೆಯನ್ನು ಕುರಿತ ತನ್ನ 1757ರ ಗ್ರಂಥದಲ್ಲಿ ಎಡ್ಮಂಡ್ ಬರ್ಕ್, ಭಯ ಹುಟ್ಟಬೇಕಾದರೆ ಅಸ್ಪಷ್ಟತೆ ಬೇಕು, ಅಪಾಯದ ಪೂರ್ಣ ಪ್ರಮಾಣ ಕಣ್ಣಿಗೆ ಬಿದ್ದರೆ ಭಯ ಬಹುಮಟ್ಟಿಗೆ ಕರಗುತ್ತದೆ ಎಂದು ವಾದಿಸಿದ. ಹೊರೇಸ್ ವಾಲ್‌ಪೋಲನ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' (1764) ಗಾಥಿಕ್ ಪ್ರಕಾರಕ್ಕೆ ನಾಂದಿ ಹಾಡಿತು. ಆ್ಯನ್ ರ‍್ಯಾಡ್‌ಕ್ಲಿಫ್‌ಳ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ' (1794) ಬರ್ಕ್‌ನ ಸೂತ್ರವನ್ನು ವಾಕ್ಯರಚನೆಯೊಳಕ್ಕೇ ತಂದಿತು. ಅಲ್ಲಿ ದೀಪ ಮಸುಕಾಗಿ ಉರಿಯುತ್ತದೆ, ದನಿ ಕ್ಷೀಣವಾಗಿ ಕೇಳುತ್ತದೆ. ಕಪ್ಪು ಮುಸುಕಿನ ಹಿಂದೆ ನಾಯಕಿ ಕಂಡದ್ದೇನು ಎಂಬುದನ್ನು ಲೇಖಕಿ ಕಾದಂಬರಿಯ ಕೊನೆಯ ಭಾಗದವರೆಗೆ ಬಿಟ್ಟುಕೊಡುವುದಿಲ್ಲ. ಅದು ಕೇವಲ ಮೇಣದ ಬೊಂಬೆ. ಇಂಥ ಕಡೆ ಕ್ರಿಯಾವಿಶೇಷಣದ ಕೆಲಸ ವಸ್ತುವನ್ನು ತೋರಿಸುವುದಲ್ಲ, ಅರ್ಧ ಮರೆಮಾಡುವುದು.

ಜೇನ್ ಆಸ್ಟಿನ್‌ಳ 'ನಾರ್ಥ್ಯಾಂಗರ್ ಆ್ಯಬಿ' (1817ರ ಡಿಸೆಂಬರಿನಲ್ಲಿ ಪ್ರಕಟಿತ) ಈ ಶೈಲಿಯ ಅಣಕ. ಉಡಾಲ್ಫೊ ಓದಿದ ಗುಂಗಿನಲ್ಲಿ ನಾಯಕಿ ಹಳೆಯ ಬೀರುವಿನಿಂದ ನಡುಗುವ ಕೈಯಲ್ಲಿ ಹೊರತೆಗೆದ ಕಾಗದದ ಸುರುಳಿ, ಬೆಳಗ್ಗೆ ನೋಡಿದರೆ, ಬಟ್ಟೆ ಒಗೆದ ಲೆಕ್ಕದ ಚೀಟಿಗಳು.

19ನೇ ಶತಮಾನ

ಎಡ್ಗರ್ ಆ್ಯಲನ್ ಪೋನ 'ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್' (1839) ಕಥೆಯ ಮೊದಲ ವಾಕ್ಯದಲ್ಲೇ ಮೋಡಗಳು ಎದೆಯ ಮೇಲೆ ಭಾರ ಹೇರುವಷ್ಟು ಕೆಳಗೆ ಜೋತುಬಿದ್ದಿವೆ. ಆ ಭಾರವನ್ನು ಹೊತ್ತಿರುವ ಪದ ಅಪ್ರೆಸಿವ್ಲಿ. ನೋಡುವವನ ಮನಃಸ್ಥಿತಿ ಇಲ್ಲಿ ಹವಾಮಾನದ ಲಕ್ಷಣವಾಗಿದೆ. ಪ್ರಕೃತಿಗೆ ಮನುಷ್ಯನ ಭಾವವನ್ನು ಆರೋಪಿಸುವ ಇಂಥ ಪದ್ಧತಿಯನ್ನು ಜಾನ್ ರಸ್ಕಿನ್ 1856ರಲ್ಲಿ 'ಪೆಥೆಟಿಕ್ ಫ್ಯಾಲಸಿ' ಎಂದು ಕರೆದ. ಇದೇ ಶತಮಾನದ ಧಾರಾವಾಹಿ ಕಾದಂಬರಿಗಳ ಸಂಭಾಷಣೆಯಲ್ಲಿ ಗ್ರಿಮ್ಲಿ, ಗ್ಲೂಮಿಲಿ ಮುಂತಾದವು 'ಎಂದ' ಎಂಬುದರ ಬೆನ್ನಿಗೇ ಬರತೊಡಗಿದವು. ಮನೆಮಂದಿಯ ಎದುರು ಗಟ್ಟಿಯಾಗಿ ಓದುವ ರೂಢಿಯಿದ್ದ ಕಾಲದಲ್ಲಿ ಇಂಥ ಪದ ಓದುವವರಿಗೆ ದನಿಯ ಸೂಚನೆಯೂ ಆಗುತ್ತಿತ್ತು.

ಆಕ್ಷೇಪ ಮತ್ತು ಹಾಸ್ಯ

ಭಯಾನಕ ಕಥೆ ಭಯವನ್ನು ಹುಟ್ಟಿಸಬೇಕೇ ಹೊರತು 'ಭಯಂಕರ' ಎಂದು ಹೆಸರಿಸಬಾರದು ಎಂಬ ನಿಲುವಿನಿಂದ ಎಡ್ಮಂಡ್ ವಿಲ್ಸನ್ 1945ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಎಚ್.ಪಿ. ಲವ್‌ಕ್ರಾಫ್ಟ್‌ನ ವಿಶೇಷಣಗಳನ್ನು ಟೀಕಿಸಿದ. ಜೋಸೆಫ್ ಕಾನ್ರಾಡನ 'ಹಾರ್ಟ್ ಆಫ್ ಡಾರ್ಕ್‌ನೆಸ್' (1899) ನಿಗೂಢತೆಯನ್ನು ವಿಶೇಷಣಗಳಿಂದ ಮತ್ತೆ ಮತ್ತೆ ಒತ್ತಿಹೇಳುತ್ತದೆ, ಅದರಿಂದ ಪರಿಣಾಮ ಹೆಚ್ಚುವ ಬದಲು ಕುಗ್ಗುತ್ತದೆ ಎಂದು ಎಫ್.ಆರ್. ಲೀವಿಸ್ 1948ರ 'ದಿ ಗ್ರೇಟ್ ಟ್ರೆಡಿಷನ್' ಗ್ರಂಥದಲ್ಲಿ ಬರೆದ.

ಹಾಸ್ಯ ಬಂದದ್ದು ಮಕ್ಕಳ ಪುಸ್ತಕಗಳಿಂದ. 1910ರಲ್ಲಿ ಅಮೆರಿಕದಲ್ಲಿ ಆರಂಭವಾದ ಟಾಮ್ ಸ್ವಿಫ್ಟ್ ಮಾಲಿಕೆಯ ಪಾತ್ರಗಳು ಏನನ್ನೂ ಬರಿದೇ ಹೇಳುವುದು ವಿರಳ. ಇದನ್ನು ಗೇಲಿ ಮಾಡುವ 'ಟಾಮ್ ಸ್ವಿಫ್ಟಿ' ಎಂಬ ಶ್ಲೇಷೆಯ ಆಟ 1960ರ ದಶಕದಲ್ಲಿ ಜನಪ್ರಿಯವಾಯಿತು. ಗ್ರೇವ್ ಎಂದರೆ ಗೋರಿಯೂ ಹೌದು, ಗಂಭೀರವೂ ಹೌದು. ಆದ್ದರಿಂದ ಸ್ಮಶಾನದ ಬಗ್ಗೆ ಯಾರಾದರೂ ಗ್ರೇವ್ಲಿ ಮಾತಾಡಿದರೆ ಆಟ ಗೆದ್ದಂತೆ.

ಭಯಾನಕ ಕಾದಂಬರಿಗಳಿಂದಲೇ ಹೆಸರಾದ ಸ್ಟೀಫನ್ ಕಿಂಗ್ 'ಆನ್ ರೈಟಿಂಗ್' (2000) ಕೃತಿಯಲ್ಲಿ ಕ್ರಿಯಾವಿಶೇಷಣಗಳನ್ನು ಖಂಡಿಸಿದ. ತನ್ನ ಮಾತು ಓದುಗನಿಗೆ ತಲುಪಲಿಕ್ಕಿಲ್ಲ ಎಂಬ ಲೇಖಕನ ಅಂಜಿಕೆಯೇ ಇವುಗಳ ಮೂಲ ಎಂಬುದು ಅವನ ವಾದ. ತಾನೂ ಅದೇ ಕಾರಣಕ್ಕೆ ಬಳಸಿದ್ದುಂಟು ಎಂದು ಒಪ್ಪಿಕೊಂಡಿದ್ದಾನೆ. ಮರುವರ್ಷ ಎಲ್ಮೋರ್ ಲೆನರ್ಡ್ ತನ್ನ ಹತ್ತು ನಿಯಮಗಳಲ್ಲಿ 'ಎಂದ' ಎಂಬುದಕ್ಕೆ ಕ್ರಿಯಾವಿಶೇಷಣ ಸೇರಿಸುವುದನ್ನು ನಿಷೇಧಿಸಿದ.

ಪದದ ಸಹವಾಸ

ಪಠ್ಯಗಳ ಬೃಹತ್ ಸಂಗ್ರಹವನ್ನು ಕಂಪ್ಯೂಟರಿನಲ್ಲಿ ಜಾಲಾಡುವ ಕಾರ್ಪಸ್ ಭಾಷಾವಿಜ್ಞಾನ ಈ ಚರ್ಚೆಯನ್ನು ಬೇರೆ ದಿಕ್ಕಿಗೆ ಒಯ್ದಿತು. ಜಾನ್ ಸಿಂಕ್ಲೇರನ ಚಿಂತನೆಯನ್ನು ಮುಂದುವರಿಸಿದ ಬಿಲ್ ಲೌ, 'ಸಂಪೂರ್ಣವಾಗಿ' ಎಂಬ ತಟಸ್ಥ ಅರ್ಥದ ಅಟರ್ಲಿ ಹೆಚ್ಚಾಗಿ ಕೆಟ್ಟದ್ದನ್ನು ಹೇಳುವ ಪದಗಳ ಜೊತೆಯಲ್ಲೇ ಕಾಣಿಸಿಕೊಳ್ಳುತ್ತದೆ ಎಂದು 1993ರಲ್ಲಿ ತೋರಿಸಿದ. ಸಹವಾಸದಿಂದ ಅಂಟುವ ಈ ಛಾಯೆಗೆ 'ಸಿಮ್ಯಾಂಟಿಕ್ ಪ್ರೊಸಡಿ' ಎಂದು ಹೆಸರು. ಪದವು ರೂಢಿಯ ಸಹವಾಸ ಬಿಟ್ಟರೆ ಓದುಗನಿಗೆ ವ್ಯಂಗ್ಯವೋ ಕಪಟವೋ ಗೋಚರಿಸುತ್ತದೆ ಎಂಬುದು ಲೌನ ತೀರ್ಮಾನ.

ಶರ್ಲಿ ಜಾಕ್ಸನ್‌ಳ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' (1959) ಕಾದಂಬರಿಯ ಖ್ಯಾತ ಮೊದಲ ಪರಿಚ್ಛೇದವನ್ನು ಈ ಬೆಳಕಿನಲ್ಲಿ ಓದಬಹುದು. ಕೇಡು ತುಂಬಿದ ಮನೆಯನ್ನು ವರ್ಣಿಸುವ ಅಲ್ಲಿ ಕರಾಳ ಕ್ರಿಯಾವಿಶೇಷಣಗಳಿಗೆ ಬದಲಾಗಿ ನೀಟ್ಲಿ, ಸೆನ್ಸಿಬ್ಲಿ, ಸ್ಟೆಡಿಲಿ ಎಂಬ ಸಭ್ಯ ಪದಗಳಿವೆ. ಇಟ್ಟಿಗೆ ಬಾಗಿಲುಗಳ ಅಚ್ಚುಕಟ್ಟನ್ನು ಹೊಗಳುವ ಈ ಪದಗಳು ಮನೆಯ ಬಗ್ಗೆ ಮೊದಲೇ ಹೇಳಿದ್ದರೊಂದಿಗೆ ಹೊಂದುವುದಿಲ್ಲ. ಓದುಗನ ಭಯ ಹುಟ್ಟುವುದು ಆ ಹೊಂದಿಕೆಯಿಲ್ಲದ ಕಡೆಯಲ್ಲೇ.