ಹೊಸ ಸ್ಪರ್ಧಾ ಪಿಸ್ತೂಲು: ಟ್ಯೂನ್ ಮಾಡಿಸುವ ಮೊದಲು ಪಳಗಿಸುವುದು ಯಾಕೆ, ಹೇಗೆ?

ನಮ್ಮ ಭೀಮಾ ತೀರದಲ್ಲಿ ‘ಪಿಸ್ತೂಲು’ ಅಂದ ಕೂಡಲೇ ಯಾರಿಗೂ ಕ್ರೀಡೆ ನೆನಪಾಗುವುದಿಲ್ಲ. ನಾಡ ಪಿಸ್ತೂಲು, ಪೊಲೀಸರ ಪತ್ರಿಕಾಗೋಷ್ಠಿ, ಮೇಜಿನ ಮೇಲೆ ಸಾಲಾಗಿ ಇಟ್ಟ ಜಪ್ತಿ ಮಾಲು, ಹಿಂದೆ ತಲೆ ತಗ್ಗಿಸಿ ನಿಂತ ಹುಡುಗರು ನೆನಪಾಗುತ್ತಾರೆ. 2012ರಲ್ಲಿ ದುನಿಯಾ ವಿಜಯ್ ನಟಿಸಿದ ‘ಭೀಮಾ ತೀರದಲ್ಲಿ’ ಸಿನಿಮಾ ಬಂದ ಮೇಲಂತೂ ಈ ಹಣೆಪಟ್ಟಿ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಂಡಿತು. ಅಫಜಲಪುರ, ಜೇವರ್ಗಿ ಭೀಮೆಯ ದಂಡೆ. ನಮ್ಮ ಆಳಂದ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುವ ಅಮರ್ಜಾದ ಸೀಮೆ. ಮೂರಕ್ಕೂ ಹೆಸರು ಒಂದೇ.

ಇಂಥ ಊರಿನ ಹುಡುಗ, ಹುಡುಗಿಯರು ಈಗ ಶೂಟಿಂಗ್ ಕಲಿಯಬೇಕು ಅಂತಿದ್ದಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದರು. ಅದರಲ್ಲಿ ಒಂದು ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಬಂದದ್ದು. ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿಯಿಂದ ಬಂದ ಸ್ವಪ್ನಿಲ್ ಕುಸಾಳೆ ರೈಫಲ್‌ನಲ್ಲಿ ಕಂಚು ತಂದರು. ಕರ್ನಾಟಕಕ್ಕೂ ಪಿಸ್ತೂಲಿನ ಪರಂಪರೆ ಇದೆ. ಪಿ.ಎನ್. ಪ್ರಕಾಶ್ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಟಿ.ಎಸ್. ದಿವ್ಯಾ 2023ರ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಜೊತೆ ಚಿನ್ನ ಗೆದ್ದರು. ಇಬ್ಬರೂ ಬೆಂಗಳೂರಿನವರು ಅನ್ನೋದು ಬೇರೆ ಮಾತು, ಅದಕ್ಕೆ ಕೊನೆಗೆ ಬರೋಣ.

ಈ ಹುಡುಗರು ನನಗೆ ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ:

“ಅಣ್ಣಾ, ಹೊಸಾ ಪಿಸ್ತೂಲ್ ಬಂದದ. ಟ್ರಿಗರ್ ಭಾಳ ಬಿಗಿ ಅನಿಸ್ತದ. ಟ್ಯೂನ್ ಮಾಡಿಸ್ಲೇನು?”

“ಎಷ್ಟು ಪೆಲೆಟ್ ಹೊಡದೀ?”

“ಎಂಬತ್ತು.”

“ಹಂಗಾದ್ರ ಇನ್ನೂ ನಿಂದ್ರು ತಮ್ಮಾ.”

ಯಾಕೆ ನಿಂದ್ರಬೇಕು ಅನ್ನೋದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ದುಡ್ಡಿನ ಲೆಕ್ಕ ಮೊದಲು

ವಿದೇಶದಿಂದ ಬರುವ ಮ್ಯಾಚ್ ಏರ್ ಪಿಸ್ತೂಲಿನ ಬೆಲೆ ಒಂದೂವರೆ ಲಕ್ಷ ರೂಪಾಯಿ ದಾಟುತ್ತದೆ. ಸ್ಟೈಯರ್, ಮೊರಿನಿ, ವಾಲ್ಟರ್, ಫೈನ್‌ವೆರ್ಕ್‌ಬಾವ್, ಪಾರ್ದಿನಿ ಇವೆಲ್ಲ ಆ ಸಾಲಿನವು. 2025–26ರ ತೊಗರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅಂದ್ರೆ ಒಂದು ಪಿಸ್ತೂಲಿಗೆ ಕಡಿಮೆ ಅಂದ್ರೂ ಸುಮಾರು 19 ಕ್ವಿಂಟಲ್ ತೊಗರಿ, ಅದೂ ಬೆಂಬಲ ಬೆಲೆ ಸಿಕ್ಕರೆ. ಸಣ್ಣ ರೈತನ ಮನೆಯಲ್ಲಿ ಅದು ಒಂದು ವರ್ಷದ ಬೆಳೆಯ ಮಾತು.

ಟ್ಯೂನ್ ಮಾಡುವವರು ನಮ್ಮ ಪಕ್ಕದಲ್ಲಿ ಇಲ್ಲ. ಹೈದರಾಬಾದ್, ಪುಣೆ ಇಲ್ಲವೇ ಬೆಂಗಳೂರಿಗೆ ಹೋಗಬೇಕು. ಅವಸರಕ್ಕೆ ಬಿದ್ದು ಒಮ್ಮೆ ಟ್ಯೂನ್ ಮಾಡಿಸಿ, ಎರಡು ತಿಂಗಳಿಗೆ ಮತ್ತೆ ಮಾಡಿಸಬೇಕಾದರೆ ಬಸ್ ಚಾರ್ಜು, ಕೂಲಿ, ರಜೆ ಎಲ್ಲ ಎರಡೆರಡು ಸಲ. ಬೆಂಗಳೂರಿನ ಹುಡುಗನಿಗೆ ಒಂದು ಭಾನುವಾರ ಹಾಳಾದೀತು. ಜೇವರ್ಗಿಯ ಹುಡುಗಿಗೆ ಒಂದು ಸ್ಪರ್ಧೆಯೇ ಕೈತಪ್ಪಬಹುದು.

‘ಪಳಗಿಸುವುದು’ ಅಂದ್ರೆ ಏನು?

ಹೊಸ ಬೈಕ್ ತಂದಾಗ ಮೊದಲ ಸರ್ವೀಸ್ ಆಗುವ ತನಕ ಜೋರಾಗಿ ಓಡಿಸಬೇಡ ಅಂತಾರಲ್ಲ, ಇದೂ ಹಾಗೇ. ಪಿಸ್ತೂಲಿನೊಳಗೆ ಒಂದಕ್ಕೊಂದು ಉಜ್ಜುವ ಲೋಹದ ಮೈಗಳಿವೆ. ಸ್ಪ್ರಿಂಗ್‌ಗಳಿವೆ, ಗಾಳಿ ತಡೆಯುವ ರಬ್ಬರ್ ಸೀಲ್‌ಗಳಿವೆ, ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ ಇದೆ. ಇವೆಲ್ಲ ಒಂದು ಹದಕ್ಕೆ ಬರಲು ಸ್ವಲ್ಪ ಬಳಕೆ ಆಗಬೇಕು. ನಾನು ಇಟ್ಟುಕೊಂಡ ಲೆಕ್ಕ ಸುಮಾರು 500 ಪೆಲೆಟ್. ಇದು ಕಾನೂನಲ್ಲ, ಅನುಭವದ ಅಂದಾಜು.

‘ಇವತ್ತಿನ ಪಿಸ್ತೂಲುಗಳಿಗೆ ಪಳಗಿಸುವುದೇ ಬೇಡ, ಕಾರ್ಖಾನೆಯಲ್ಲೇ ಪರೀಕ್ಷೆ ಮಾಡಿ ಕಳಿಸ್ತಾರೆ’ ಅನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಒಳ್ಳೆಯ ಮ್ಯಾಚ್ ಪಿಸ್ತೂಲಿನ ನಳಿಕೆಗೆ ಪಳಗಿಸುವಿಕೆ ಹೆಚ್ಚೇನೂ ಬೇಡ. ಎಲೆಕ್ಟ್ರಾನಿಕ್ ಟ್ರಿಗರ್ ಇದ್ದರೆ ಸವೆಯುವ ಭಾಗಗಳೂ ಕಡಿಮೆ. ಆದರೆ ಪಳಗಬೇಕಾದದ್ದು ಪಿಸ್ತೂಲು ಮಾತ್ರ ಅಲ್ಲ, ಅದನ್ನು ಹಿಡಿದ ಕೈ ಕೂಡ. ಮೊದಲ 500 ಪೆಲೆಟ್‌ಗಳಲ್ಲಿ ದೋಷ ಯಂತ್ರದ್ದೋ, ಹೊಸತನದ್ದೋ, ನಮ್ಮ ಬೆರಳಿನದ್ದೋ ಅಂತ ಬೇರೆ ಮಾಡಿ ಹೇಳಲು ಆಗುವುದಿಲ್ಲ. ಬೇರೆ ಮಾಡದೆ ಟ್ಯೂನ್ ಮಾಡಿಸಿದರೆ, ರೋಗ ಗೊತ್ತಿಲ್ಲದೆ ಔಷಧಿ ಕೊಟ್ಟ ಹಾಗೆ.

500 ಗ್ರಾಮಿನ ಗೆರೆ

ಅಂತಾರಾಷ್ಟ್ರೀಯ ನಿಯಮದ ಪ್ರಕಾರ 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಬೇಕು. ಪಿಸ್ತೂಲು 1,500 ಗ್ರಾಂ ಮೀರಬಾರದು, 420, 200 ಮತ್ತು 50 ಮಿ.ಮೀ. ಅಳತೆಯ ಪೆಟ್ಟಿಗೆಯೊಳಗೆ ಹಿಡಿಯಬೇಕು. ಟ್ರಿಗರ್ ತೂಕವನ್ನು ಸ್ಪರ್ಧೆ ಮುಗಿದ ಮೇಲೂ ಪರೀಕ್ಷಿಸುತ್ತಾರೆ. ಆಗ ತೂಕ ನಿಲ್ಲದಿದ್ದರೆ ಅನರ್ಹತೆ.

ಈಗ ಯೋಚಿಸಿ. ಹೊಸ ಪಿಸ್ತೂಲಿನ ಟ್ರಿಗರನ್ನು ಟ್ಯೂನ್ ಮಾಡಿಸಿ ಸರಿಯಾಗಿ 502 ಗ್ರಾಂಗೆ ತಂದಿರಿ. ಮುಂದಿನ ಕೆಲವು ನೂರು ಹೊಡೆತದಲ್ಲಿ ಲೋಹದ ಮೈ ನುಣುಪಾಗಿ, ಸ್ಪ್ರಿಂಗ್ ಸ್ವಲ್ಪ ಸಡಿಲಾಗಿ ಅದು 496ಕ್ಕೆ ಇಳಿಯಿತು. ಬೆರಳಿಗೆ ಅದು ಗೊತ್ತಾಗುವುದಿಲ್ಲ, ತೂಕದ ಬಟ್ಟಿಗೆ ಗೊತ್ತಾಗುತ್ತದೆ. 60 ಹೊಡೆತದ ಶ್ರಮ ಅಲ್ಲಿಗೆ ಮುಗೀತು. ಪಳಗಿದ ಮೇಲೆ ಟ್ಯೂನ್ ಮಾಡಿಸಿ, 510ರ ಹತ್ತಿರ ಇಟ್ಟುಕೊಂಡರೆ ಈ ಭಯ ಇರುವುದಿಲ್ಲ.

ಹಂತ ಹಂತವಾಗಿ

*ಮೊದಲ ದಿನ.* ಕೈಪಿಡಿ ಓದಿ. ಬೋರಾದರೂ ಓದಿ. ಪೆಟ್ಟಿಗೆಯೊಳಗೆ ಕಾರ್ಖಾನೆಯ ಟೆಸ್ಟ್ ಟಾರ್ಗೆಟ್ ಇದ್ದರೆ ಜೋಪಾನವಾಗಿ ಇಡಿ. ಸರಿಯಾದ ಪೆಲೆಟ್ ಹಾಕಿದಾಗ ಈ ಪಿಸ್ತೂಲಿನ ಸಾಮರ್ಥ್ಯ ಎಷ್ಟು ಅನ್ನೋದಕ್ಕೆ ಅದೇ ಸಾಕ್ಷಿ. ಟ್ರಿಗರ್ ತೂಕ, ಸೈಟ್‌ನ ಸ್ಥಾನ, ಸ್ಕ್ರೂಗಳ ಸ್ಥಿತಿ ಎಲ್ಲವನ್ನೂ ಬರೆದಿಡಿ, ಫೋಟೋ ತೆಗೆಯಿರಿ. ಗಾಳಿಯ ಸಿಲಿಂಡರ್ ಮೇಲಿನ ದಿನಾಂಕ ನೋಡಿ. ಅವಧಿ ಮುಗಿದ ಸಿಲಿಂಡರ್ ಬಳಸದಿರುವುದು ಸ್ಪರ್ಧಿಯದೇ ಜವಾಬ್ದಾರಿ ಅಂತ ನಿಯಮವೇ ಹೇಳುತ್ತದೆ.

*ಗಾಳಿ.* ಸಾಮಾನ್ಯವಾಗಿ 200 ಬಾರ್ ತನಕ ತುಂಬುತ್ತಾರೆ. ನಿಮ್ಮ ಸಿಲಿಂಡರ್ ಮೇಲೆ ಬರೆದದ್ದೇ ಕೊನೆಯ ಮಾತು. ಒಣ ಗಾಳಿಯೇ ಬೇಕು. ಕೈಪಂಪು ಬಳಸಿದರೆ ತೇವ ತಡೆಯುವ ಫಿಲ್ಟರ್ ಇರಲಿ. ಕಲಬುರಗಿ ಬಿಸಿಲಿನಲ್ಲಿ ತುಂಬಿದ ಸಿಲಿಂಡರನ್ನು ಕಾರಿನೊಳಗೆ, ಬೈಕಿನ ಡಿಕ್ಕಿಯಲ್ಲಿ ಬಿಡಲೇಬೇಡಿ. ಬಿಸಿ ಏರಿದಂತೆ ಒಳಗಿನ ಒತ್ತಡವೂ ಏರುತ್ತದೆ.

*ಒಂದೇ ಪೆಲೆಟ್.* ಪಳಗಿಸುವ ಅವಧಿ ಪೂರ್ತಿ ಒಂದೇ ಕಂಪನಿಯ, ಒಂದೇ ತೂಕದ ಪೆಲೆಟ್ ಬಳಸಿ. ದಿನಕ್ಕೊಂದು ಡಬ್ಬಿ ಬದಲಾಯಿಸಿದರೆ ಏನು ಬದಲಾಯಿತು ಅಂತ ಗೊತ್ತೇ ಆಗುವುದಿಲ್ಲ. ಯಾವ ಪೆಲೆಟ್ ಈ ನಳಿಕೆಗೆ ಒಗ್ಗುತ್ತದೆ ಅನ್ನುವ ಹುಡುಕಾಟ ಆಮೇಲೆ.

*ವೇಗ ಅಳೆಯುವುದು.* ಕ್ರೋನೋಗ್ರಾಫ್ ಸಿಕ್ಕರೆ ಶುರುವಿನಲ್ಲಿ, 250ಕ್ಕೆ, 500ಕ್ಕೆ ಹತ್ತತ್ತು ಪೆಲೆಟ್ ಹೊಡೆದು ಅಳೆಯಿರಿ. ಮ್ಯಾಚ್ ಪಿಸ್ತೂಲಿನ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೋಗುತ್ತದೆ. ಇಲ್ಲಿ ನೋಡಬೇಕಾದದ್ದು ವೇಗವಲ್ಲ, ಏರಿಳಿತ. ಪಳಗುತ್ತ ಹೋದಂತೆ ಏರಿಳಿತ ಕಡಿಮೆಯಾಗಬೇಕು. 500 ಆದ ಮೇಲೂ ಕುಣಿಯುತ್ತಿದ್ದರೆ ಅದು ರೆಗ್ಯುಲೇಟರ್ ಅಥವಾ ಸೀಲ್‌ನ ಸಮಸ್ಯೆ ಇರಬಹುದು. ವಾರಂಟಿ ಇರುವಾಗಲೇ ಮಾರಿದವರಿಗೆ ತಿಳಿಸಿ, ನೀವೇ ಬಿಚ್ಚಬೇಡಿ.

*ಡ್ರೈ ಫೈರ್.* ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವ ವ್ಯವಸ್ಥೆ ಮ್ಯಾಚ್ ಪಿಸ್ತೂಲಿನಲ್ಲಿ ಇರುತ್ತದೆ. ಗಾಳಿ, ಪೆಲೆಟ್ ಯಾವುದರ ಖರ್ಚೂ ಇಲ್ಲ. ಮನೆಯ ಬಿಳಿ ಗೋಡೆಯೇ ಸಾಕು. ಪ್ರತಿ ಸಲ ನಳಿಕೆ ಖಾಲಿ ಇದೆ ಅಂತ ಕಣ್ಣಾರೆ ನೋಡಿಯೇ ಶುರು ಮಾಡಿ. ಟ್ರಿಗರ್ ಪಳಗಲು, ಬೆರಳು ಪಳಗಲು ಬಡವರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

*ಗ್ರಿಪ್.* ಮರದ ಹಿಡಿಯನ್ನು ಮೊದಲ ವಾರವೇ ಅರ ಹಿಡಿದು ಉಜ್ಜಬೇಡಿ. ತೆಗೆದ ಮರ ವಾಪಸ್ ಬರುವುದಿಲ್ಲ. ಕೈ ಬೆಳಿಗ್ಗೆ ಒಂಥರಾ, ಮಧ್ಯಾಹ್ನದ ಸೆಖೆಯಲ್ಲಿ ಊದಿಕೊಂಡಾಗ ಇನ್ನೊಂಥರಾ. ಎರಡು–ಮೂರು ವಾರ ಎಲ್ಲಿ ಒತ್ತುತ್ತದೆ, ಎಲ್ಲಿ ಸಂದು ಉಳಿಯುತ್ತದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡುತ್ತ ಹೋಗಿ. ಒಂದೇ ಜಾಗ ಪದೇ ಪದೇ ಒತ್ತಿದರೆ ಮಾತ್ರ ಅದಕ್ಕೆ ಕೈ ಹಾಕಿ.

*ಧೂಳು.* ನಮ್ಮದು ಕರಿಮಣ್ಣಿನ ಸೀಮೆ. ತೊಗರಿ ರಾಶಿ ಮಾಡುವ ದಿನಗಳಲ್ಲಿ ಗಾಳಿಯೇ ಧೂಳು. ಎಣ್ಣೆ ಹೆಚ್ಚಾದ ಕಡೆ ಧೂಳು ಮೆತ್ತಿಕೊಂಡು ಮರಳು ಕಾಗದದ ಹಾಗೆ ಉಜ್ಜುತ್ತದೆ. ಕೈಪಿಡಿ ಹೇಳಿದಷ್ಟೇ ಎಣ್ಣೆ, ಹೇಳಿದ ಕಡೆಗೆ ಮಾತ್ರ.

*ನೋಟ್‌ಬುಕ್.* ಎಲ್ಲಕ್ಕಿಂತ ಮುಖ್ಯ ಇದೇ. ದಿನಾಂಕ, ಎಷ್ಟು ಪೆಲೆಟ್, ಸೆಖೆ ಎಷ್ಟಿತ್ತು, ಸಿಲಿಂಡರ್ ಒತ್ತಡ, ಟ್ರಿಗರ್ ತೂಕ, ವಿಚಿತ್ರವಾಗಿ ಹೊರಗೆ ಹೋದ ಹೊಡೆತಗಳು. 10 ಮೀಟರ್ ಪಿಸ್ತೂಲ್ ಗುರಿಯಲ್ಲಿ ಹತ್ತರ ವೃತ್ತದ ಅಗಲ 11.5 ಮಿ.ಮೀ., ಅದರಾಚೆ ಒಂದೊಂದು ಅಂಕಕ್ಕೆ 8 ಮಿ.ಮೀ. ಅಂತರ. ಅಷ್ಟು ಸಣ್ಣ ಜಗಳದಲ್ಲಿ ನೆನಪನ್ನು ನಂಬಿ ಕೂರಲು ಆಗದು.

ಇಷ್ಟಾದ ಮೇಲೆ ಟ್ಯೂನ್ ಮಾಡುವವರ ಹತ್ತಿರ ಹೋಗಿ. ಆಗ ನೀವು ‘ಸರ್, ಸರಿ ಅನಿಸ್ತಿಲ್ಲ’ ಅನ್ನುವುದಿಲ್ಲ. ‘ಟ್ರಿಗರ್‌ನ ಮೊದಲ ಹಂತ ಉದ್ದ ಇದೆ, ತೂಕ ನಾಲ್ಕು ವಾರದಿಂದ 525ರಲ್ಲಿ ನಿಂತಿದೆ, 510 ಬೇಕು’ ಅನ್ನುತ್ತೀರಿ. ಎರಡನೇ ಮಾತಿಗೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ನೋಟ್‌ಬುಕ್ ನೋಡಿದ ಮೇಲೆ ಟ್ಯೂನಿಂಗೇ ಬೇಡ ಅಂತ ಗೊತ್ತಾಗುವುದೂ ಉಂಟು.

.22 ಪಿಸ್ತೂಲಾದರೆ ಕಾನೂನು ಬೇರೆ

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆಯ ವ್ಯಾಸ 4.5 ಮಿ.ಮೀ. ಮತ್ತು ಶಕ್ತಿ 20 ಜೌಲ್ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಮ್ಯಾಚ್ ಏರ್ ಪಿಸ್ತೂಲಿನ ಶಕ್ತಿ ಸುಮಾರು 6 ಜೌಲ್ ಅಷ್ಟೇ. ಹಾಗಂತ ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುವುದಲ್ಲ. ಪೆಟ್ಟಿಗೆಯಲ್ಲಿ ಬೀಗ ಹಾಕಿ, ಖರೀದಿ ಬಿಲ್ಲು ಜೊತೆಗಿಟ್ಟುಕೊಂಡು ಓಡಾಡಿ.

25 ಮೀಟರ್ ಸ್ಪರ್ಧೆಯ .22 ಪಿಸ್ತೂಲು ಬಂದೂಕೇ. ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಟ್ರಿಗರ್ ಕನಿಷ್ಠ 1,000 ಗ್ರಾಂ. ಇಲ್ಲಿ ಪಳಗಿಸುವುದು ಇನ್ನೂ ಮುಖ್ಯ, ಯಾಕಂದ್ರೆ ಹೊಸ ಸ್ಪ್ರಿಂಗ್ ಬಿಗಿ ಇದ್ದಾಗ ಖಾಲಿ ಕೇಸ್ ಸಿಕ್ಕಿಕೊಳ್ಳುತ್ತದೆ. ಒಂದೇ ಬಗೆಯ ಗುಂಡು ಬಳಸಿ. ಮ್ಯಾಗಜೀನ್‌ಗಳಿಗೆ 1, 2 ಅಂತ ನಂಬರ್ ಬರೆದು, ಯಾವುದರಲ್ಲಿ ಸಿಕ್ಕಿತು ಅಂತ ಗುರುತಿಡಿ. ಎಷ್ಟೋ ಸಲ ದೋಷ ಪಿಸ್ತೂಲಿನದ್ದಲ್ಲ, ಎರಡನೇ ಮ್ಯಾಗಜೀನಿನದ್ದು.

ಒಂದು ಎಚ್ಚರಿಕೆ. ‘ನಮ್ಮೂರ ಲೇತ್ ಮಷಿನ್ ಮೇಸ್ತ್ರಿ ಭಾಳ ಶಾಣ್ಯಾ ಅದಾನ’ ಅಂತ .22 ಪಿಸ್ತೂಲನ್ನು ಅವನ ಕೈಗೆ ಕೊಡಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿ ಮಾಡುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ನಾಡ ಪಿಸ್ತೂಲಿನ ಹೆಸರು ಹೊತ್ತ ಸೀಮೆಯಲ್ಲಿ ಇಂಥ ಕೇಸು ಬಿದ್ದರೆ, ‘ಇದು ಕ್ರೀಡೆ ಸರ್’ ಅನ್ನುವ ಮಾತನ್ನು ಯಾರು ಕೇಳ್ತಾರೆ?

ಯಂತ್ರ ಕೈ ಕೊಟ್ಟಾಗ

2021ರ ಜುಲೈನಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲಿನ ಲಿವರ್ ಮುರಿಯಿತು. ಸರಿಪಡಿಸಿ ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋಗಿದ್ದವು. 575 ಅಂಕ ಗಳಿಸಿದ ಅವರು ಎರಡೇ ಅಂಕದಿಂದ ಫೈನಲ್ ತಪ್ಪಿಸಿಕೊಂಡರು. ಎಷ್ಟು ಜೋಪಾನ ಮಾಡಿದರೂ ಯಂತ್ರ ಕೆಡಬಹುದು ಅನ್ನೋದಕ್ಕೆ ಇದು ಸಾಕ್ಷಿ. ಪಳಗಿಸುವುದರಿಂದ ಎಲ್ಲ ಅಪಾಯ ತಪ್ಪುವುದಿಲ್ಲ. ಆದರೆ ಹೊಸ ಪಿಸ್ತೂಲಿನ ದೋಷ ಸ್ಪರ್ಧೆಯ ದಿನ ಮೊದಲ ಸಲ ಕಾಣಿಸಿಕೊಳ್ಳುವ ಬದಲು, ಅಭ್ಯಾಸದ ದಿನವೇ ಕಾಣಿಸುವ ಸಾಧ್ಯತೆ ಹೆಚ್ಚು.

ಪ್ಯಾರಿಸ್‌ನಲ್ಲಿ ಒಂದು ಕೈ ಜೇಬಿನಲ್ಲಿಟ್ಟು ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ಡಿಕೆಚ್ ಅವರ ಮೀಮ್ ನೋಡಿ ‘ಸಲಕರಣೆ ಬೇಕಾಗಿಲ್ಲ’ ಅಂತ ಹಂಚಿಕೊಂಡವರು ಬಹಳ. ವಿಶೇಷ ಕನ್ನಡಕ, ಕಣ್ಣು ಮುಚ್ಚುವ ಪಟ್ಟಿ ಅವರು ಬಿಟ್ಟಿದ್ದು ನಿಜ. ಕೈಯಲ್ಲಿದ್ದದ್ದು ಮಾತ್ರ ಚೆನ್ನಾಗಿ ಪಳಗಿದ ಮ್ಯಾಚ್ ಪಿಸ್ತೂಲೇ, ಬೆನ್ನಿಗೆ ದಶಕಗಳ ಅಭ್ಯಾಸವೂ ಇತ್ತು.

ಇದು ಬರೀ ಪಿಸ್ತೂಲಿನ ಮಾತಲ್ಲ

ಕಲ್ಯಾಣ ಕರ್ನಾಟಕಕ್ಕೆ 371(ಜೆ) ಬಂದು ದಶಕ ದಾಟಿತು. ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿಯ ಘೋಷಣೆಯನ್ನೂ ಕೇಳಿದ್ದೇವೆ. ಆದರೆ ಕ್ರೀಡೆ ಅಂದ್ರೆ ಇವತ್ತಿಗೂ ಕಾಂಪೌಂಡ್ ಗೋಡೆ, ಪ್ರೇಕ್ಷಕರ ಗ್ಯಾಲರಿ, ಉದ್ಘಾಟನೆಯ ಕಲ್ಲು. 10 ಮೀಟರ್ ರೇಂಜಿಗೆ ಬೇಕಾದದ್ದು ಒಂದು ಉದ್ದನೆಯ ಸುರಕ್ಷಿತ ಹಾಲ್, ಗಟ್ಟಿ ಹಿಂಗೋಡೆ, ಒಳ್ಳೆ ಬೆಳಕು, ತರಬೇತಿ ಪಡೆದ ಒಬ್ಬ ಕೋಚ್.

ತಾಲ್ಲೂಕಿಗೆ ನಾಲ್ಕು ಪಿಸ್ತೂಲು ಹಂಚಿಕೊಂಡು ಬಳಸಿದರೂ ಶುರು ಮಾಡಬಹುದು. ಹಂಚಿಕೊಳ್ಳುವಾಗ ನೋಟ್‌ಬುಕ್ ಪಿಸ್ತೂಲಿನದ್ದಾಗಬೇಕು, ವ್ಯಕ್ತಿಯದ್ದಲ್ಲ. ಯಾರು ಎಷ್ಟು ಹೊಡೆದರು, ಯಾವ ಸ್ಕ್ರೂ ಎಷ್ಟು ತಿರುಗಿಸಿದರು ಅಂತ ಅದರಲ್ಲಿ ಬರೆಯದೆ ಯಾರೂ ಕೈ ಹಾಕಬಾರದು. ಗ್ರಿಪ್ ಮಾತ್ರ ಬಲಗೈಗೆ, ಎಡಗೈಗೆ, ಸಣ್ಣ ಕೈಗೆ, ದೊಡ್ಡ ಕೈಗೆ ಬೇರೆ ಬೇರೆ ಇರಲಿ.

ಆಳಂದ, ಅಫಜಲಪುರ, ಜೇವರ್ಗಿಯ ಗೆಳೆಯರೇ, ನಿಮ್ಮ ಶಾಸಕರು ಮುಂದಿನ ಸಲ ಕ್ರೀಡಾಂಗಣದ ಭೂಮಿಪೂಜೆಗೆ ಬಂದಾಗ ಗ್ಯಾಲರಿ ಕೇಳಬೇಡಿ. ಒಂದು ಹಾಲ್, ಒಣ ಗಾಳಿ ತುಂಬುವ ವ್ಯವಸ್ಥೆ, ಟ್ರಿಗರ್ ತೂಕದ ಬಟ್ಟು, ಕ್ರೋನೋಗ್ರಾಫ್, ಒಬ್ಬ ಕೋಚ್ ಅಂತ ಪಟ್ಟಿ ಬರೆದು, ಸಹಿ ಹಾಕಿ ಕೈಗೆ ಕೊಡಿ. ಕೊಟ್ಟ ಪಟ್ಟಿಗೆ ಸ್ವೀಕೃತಿ ತಗೊಳ್ಳೋದನ್ನ ಮರೀಬೇಡಿ.