ಹಿತ್ತಲ ಪಾಪಾಸುಕಳ್ಳಿ

ಹೋದ ಭಾನುವಾರ ಹಿಂದಿನ ರೋಡಿನವರು ಬಂದು, "ಅಕ್ಕ, ನಿಮ್ಮ ಸೈಟಿನ ಮೂಲೇಲಿರೋ ಆ ಮುಳ್ಳುಗಿಡ ಕಡಿಸಿಬಿಡಿ. ನಮ್ಮ ಹುಡುಗ ಬಾಲ್ ತರಕ್ಕೆ ಹೋಗಿ ಕೈಯೆಲ್ಲಾ ಮುಳ್ಳು ಮಾಡ್ಕೊಂಡ" ಅಂದ್ರು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಾನು ಆಯ್ತು ಅನ್ನೋಕೆ ಬಾಯಿ ತೆಗೆಯೋಷ್ಟರಲ್ಲಿ ಒಳಗಿಂದ ನಮ್ಮತ್ತೆ, "ಅದನ್ನ ಯಾರಾದ್ರೂ ಮುಟ್ಟಿದ್ರೆ ಸುಮ್ನಿರಲ್ಲ" ಅಂತ ಕೂಗಿದ್ರು.

ಅತ್ತೆಗೆ ಆ ಗಿಡದ ಮೇಲೆ ಯಾಕಿಷ್ಟು ಪ್ರೀತಿ ಅಂತ ನಮ್ಮೋರಿಗೆಲ್ಲ ಗೊತ್ತಿಲ್ಲ, ಅದಕ್ಕೇ ಬರೀತಿದೀನಿ.

ಲೇಔಟ್ ಬರೋಕೆ ಮುಂಚೆ ನಮ್ಮ ಉಲ್ಲಾಳದಲ್ಲಿ ಹೊಲಕ್ಕೆ ಕಾಂಪೌಂಡ್ ಅನ್ನೋದೇ ಇರಲಿಲ್ಲ. ಬದುವಿನ ಮೇಲೆ ಕಳ್ಳಿ, ಕತ್ತಾಳೆ, ಸಂದಿಲಿ ಎಲಚಿ ಮುಳ್ಳು, ಅಷ್ಟೇ. ಅಣ್ಣತಮ್ಮಂದಿರಿಗೆ ಭಾಗ ಆದಾಗ ಬಾಯಿಮಾತಲ್ಲೇ ಆಯ್ತು, "ಈ ಕಳ್ಳಿಯಿಂದ ಆ ಕಳ್ಳಿವರೆಗೆ ನಿಂದು" ಅಂತ. ಆಮೇಲೆ ಪಕ್ಕದ ಭಾಗ ಯಾರಿಗೋ ಮಾರಾಟವಾಯ್ತು. ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಜೆಸಿಬಿ ಬಂದು ಬೇಲಿಯೆಲ್ಲಾ ಕಿತ್ತು ಹಾಕಿತ್ತು. ನಾಲ್ಕಡಿ ನಮ್ಮ ಕಡೆಗೇ ಪಾಯ ತೋಡಿದ್ರು. ಸರ್ವೆ ಕಲ್ಲೂ ಇಲ್ಲ. ಮಾವನೋರು ಮಾತಾಡೋ ಪೈಕಿಯಲ್ಲ. ಅತ್ತೆನೇ ಊರ ಹಿರಿಯರನ್ನ ಕರ್ಕೊಂಡೋಗಿ, ಮೂಲೇಲಿ ಜೆಸಿಬಿಗೆ ಸಿಗದೆ ಉಳಿದಿದ್ದ ಈ ಪಾಪಾಸುಕಳ್ಳಿ ಬುಡ ತೋರಿಸಿ, "ಇದನ್ನ ನೆಟ್ಟಿದ್ದು ಯಾರು ಹೇಳಿ" ಅಂತ ನಿಂತುಬಿಟ್ರು. ನಾಲ್ಕಡೀಲಿ ಎರಡಡಿ ವಾಪಸ್ ಬಂತು, ಎರಡಡಿ ಹೋಯ್ತು. ಹೋದ ಎರಡಡಿ ಬಗ್ಗೆ ಅತ್ತೆ ಇವತ್ತಿಗೂ ಮಾತಾಡಲ್ಲ.

ಬೇಲಿನ ನಂಬಿದ್ದು ನಾವಷ್ಟೇ ಅಲ್ಲ. ಇಡೀ ಬೆಂಗಳೂರೇ ಒಂದು ಕಾಲದಲ್ಲಿ ಮುಳ್ಳನ್ನ ನಂಬಿಕೊಂಡಿತ್ತು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಗೆ ಮಣ್ಣಿನ ಗೋಡೆ, ಅದರಾಚೆ ಆಳವಾದ ಕಂದಕ, ಜೊತೆಗೆ ದಟ್ಟವಾಗಿ ಬೆಳೆಸಿದ ಮುಳ್ಳುಬೇಲಿ ಇತ್ತು ಅಂತ ಆಮೇಲೆ ಬಂದ ಇಂಗ್ಲಿಷಿನೋರು ಬರೆದಿಟ್ಟಿದ್ದಾರೆ. ಮರಾಠರ ಕುದುರೆ ದಂಡಿಗೆ ಇದಕ್ಕಿಂತ ದೊಡ್ಡ ಅಡ್ಡಿ ಬೇಕಿರಲಿಲ್ಲ. ಕುದುರೆ ಗೋಡೆ ಹತ್ತಿರ ಬರೋಕೂ ಹಿಂಜರಿಯೋದು. ಗೋಡೆ ಬಿದ್ರೆ ಕೂಲಿ ಕೊಟ್ಟು ಕಟ್ಟಿಸಬೇಕು, ಮುಳ್ಳು ಕಡಿದ್ರೆ ಮಳೆಗಾಲದಲ್ಲಿ ತಾನೇ ಚಿಗುರುತ್ತೆ. ಒಳಗೆ ಹೋಗೋಕೆ ಬಾಗಿಲು ಮಾತ್ರ ದಾರಿ. ನಮ್ಮ ಕಡೆಗೆ ತೆರೆಯೋ ಕೆಂಗೇರಿ ಗೇಟು ಇವತ್ತು ಪೊಲೀಸರ ವಿಭಾಗದ ಹೆಸರಲ್ಲಿ ಮಾತ್ರ ಉಳಿದಿದೆ.

1791ರ ಮಾರ್ಚ್ 7ಕ್ಕೆ ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆ ಮೇಲೆ ಬಿದ್ದಾಗ ಅವರೂ ಮುಳ್ಳಿನೊಳಗೆ ನುಗ್ಗಲಿಲ್ಲ, ಹಲಸೂರು ಬಾಗಿಲನ್ನೇ ಒಡೆದ್ರು. ಅಲ್ಲೇ ಅವರ ಕರ್ನಲ್ ಮೂರ್‌ಹೌಸ್ ಸತ್ತ. ಮಾರ್ಚ್ 21ರ ರಾತ್ರಿ ಕೋಟೆಯೂ ಹೋಯ್ತು. ಮಾರನೇ ವರ್ಷ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದಲ್ಲೂ ಟಿಪ್ಪುವಿನ ಪಾಳೆಯದ ಸುತ್ತ ಇಂಥದ್ದೇ ಬೇಲಿ, ಅದನ್ನ ದಾಟಿಯೇ ಅವರು ಒಳಗೆ ಬಂದಿದ್ದು. ಗುಂಡು ಮದ್ದಿನ ಮುಂದೆ ಮುಳ್ಳಿನ ಆಟ ನಡೀಲಿಲ್ಲ.

ಆದ್ರೆ ಆ ಇಂಗ್ಲಿಷಿನೋರೇ ಆಮೇಲೆ ಉತ್ತರದ ಕಡೆ ಏನು ಮಾಡಿದ್ರು ಗೊತ್ತಾ? ಜನ ತೆರಿಗೆ ಕಟ್ಟದೆ ಉಪ್ಪು ಸಾಗಿಸಬಾರದು ಅಂತ ಸಾವಿರಾರು ಮೈಲಿ ಸುಂಕದ ಗಡಿ ಹಾಕಿ, ಅದರಲ್ಲಿ ನೂರಾರು ಮೈಲಿ ಮುಳ್ಳುಬೇಲಿ ಬೆಳೆಸಿದ್ರು. ಜಾಲಿ, ಎಲಚಿ, ಕಳ್ಳಿ, ನಮ್ಮ ಬದುವಿನ ಗಿಡಗಳೇ. ಸಾರಿಗೆ ಹಾಕೋ ಹಿಡಿ ಉಪ್ಪಿಗಾಗಿ! 1879ರಲ್ಲಿ ಅದನ್ನ ಬಿಟ್ಟರು.

ಈಗ ನಮ್ಮ ಪಾಪಾಸುಕಳ್ಳಿ ವಿಷಯ. ಪಾಪಾಸು ಅಂದ್ರೆ ಚಪ್ಪಲಿ. ಎಲೆ ಥರ ಕಾಣೋ ಅದರ ಹಲ್ಲೆ ಮೆಟ್ಟಿನ ಅಟ್ಟೆ ಹಂಗೇ ಇರುತ್ತಲ್ಲ, ಅದಕ್ಕೆ ಆ ಹೆಸರು. ಹಾಲು ಸುರಿಸೋ ಕಳ್ಳಿ ಬೇರೆ, ಇದು ಬೇರೆ, ನೆಂಟಸ್ತಿಕೆಯೇ ಇಲ್ಲ. ಇದು ಅಮೆರಿಕ ಖಂಡದಿಂದ ಬಂದದ್ದು. ಇದರ ಮೇಲೆ ಬಿಳಿ ಹತ್ತಿ ಥರ ಒಂದು ಹುಳ ಕೂರುತ್ತೆ, ಹಿಸುಕಿದ್ರೆ ರಕ್ತದಂಥ ಕೆಂಪು. ನಮ್ಮತ್ತೆ ಚಿಕ್ಕೋರಿದ್ದಾಗ ಅದನ್ನ ಹಣೆಗೆ ಇಟ್ಕೊಂಡು ಮದುವೆ ಆಟ ಆಡ್ತಿದ್ರಂತೆ. ಯೂರೋಪಿನ ಸಿರಿವಂತರ ಕೆಂಪು ಬಟ್ಟೆಗೆ ಬಣ್ಣ ಬರ್ತಿದ್ದದ್ದೇ ಇಂಥ ಹುಳದಿಂದ. ಆ ವ್ಯಾಪಾರ ಸ್ಪೇನಿನವರ ಕೈಲಿತ್ತು. ತಾವೂ ಮಾಡೋಣ ಅಂತ ಈಸ್ಟ್ ಇಂಡಿಯಾ ಕಂಪನಿಗೆ ಆಸೆ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಅನ್ನೋನು ಬ್ರೆಜಿಲ್‌ನಿಂದ ಹುಳ ತಂದ. ತಂದದ್ದು ಬಣ್ಣ ಕಡಿಮೆ ಬಿಡೋ ಕಾಡು ಜಾತಿ! ಬಣ್ಣ ಬರಲಿಲ್ಲ, ಒಂದು ಜಾತಿ ಕಳ್ಳಿನೇ ತಿಂದು ಮುಗಿಸ್ತು.

ಆ ಹುಳ ಮುಟ್ಟದ ಇನ್ನೊಂದು ಜಾತಿ ಉಳೀತು ನೋಡಿ, ಅದು ದಕ್ಷಿಣದಲ್ಲೆಲ್ಲ ಹಬ್ಬಿ ಹೊಲ, ಗೋಮಾಳ ಬಿಡದೆ ನುಂಗಿತು. ದನ ಮೇಯಿಸೋಕೆ ಹೋದೋರು ಹಾದಿ ಸಿಗದೆ ವಾಪಸ್ ಬರೋ ಹಾಗಾಯ್ತು. ಕೊನೆಗೆ 1926ರಲ್ಲಿ ಸಿಂಹಳದಿಂದ ಬೇರೆ ಜಾತಿ ಹುಳ ತಂದು ಬಿಟ್ರು. ಐದಾರು ವರ್ಷದಲ್ಲಿ ಕಳ್ಳಿಮೆಳೆ ಕರಗಿ ನೆಲ ಕಂಡಿತು. ನಮ್ಮ ಮೂಲೆ ಗಿಡದಲ್ಲೂ ಆಗಾಗ ಆ ಬಿಳಿ ಬೂಷ್ಟು ಕಾಣುತ್ತೆ, ಅತ್ತೆ ಪೊರಕೆ ಕಡ್ಡೀಲಿ ಕೆರೆದು ಹಾಕ್ತಾರೆ. ಸರ್ಕಾರ ಕೊಲ್ಲೋಕೆ ತಂದದ್ದನ್ನ ಅತ್ತೆ ಕೆರೆದು ಹಾಕ್ತಿದ್ದಾರೆ ಅಂತ ನಾನು ನಗ್ತೀನಿ.

ಮುಳ್ಳಿನ ಮಾತು ಬಂತು ಅಂತ ಇನ್ನೊಂದು. ಪುರೋಹಿತರ ಮನೆ ಸೀಮಂತಕ್ಕೆ ಹೋಗಿದ್ದಾಗ ಗಂಡ ಹೆಂಡತಿ ಬೈತಲೆಯನ್ನ ಮುಳ್ಳುಹಂದಿ ಮುಳ್ಳಲ್ಲಿ ತೆಗೀತಾ ಇದ್ರು, ನೋಡಿದ್ರಲ್ಲ? ಗೃಹ್ಯಸೂತ್ರಗಳಲ್ಲೇ ಹೇಳಿದೆ, ಮೂರು ಬಿಳಿ ಪಟ್ಟೆಯ ಮುಳ್ಳೇ ಬೇಕು, ಅತ್ತಿಕಾಯಿ ಗೊಂಚಲ ಜೊತೆ. ಅವರ ಮನೇಲಿರೋದು ಅಜ್ಜಿ ಕಾಲದ್ದು. ನಮ್ಮ ಓರಗಿತ್ತಿ, "ಫೋನಲ್ಲೇ ಆರ್ಡರ್ ಮಾಡಬಹುದಂತೆ" ಅಂದಳು. ಬೇಡ ಕಣೇ, 1972ರ ವನ್ಯಜೀವಿ ಕಾಯ್ದೆ ಇದೆ, ಕೊಂಡೋರೂ ಸಿಕ್ಕಿಹಾಕ್ಕೋತಾರೆ. ದರ್ಭೆಯಲ್ಲೂ ಬೈತಲೆ ತೆಗೀಬಹುದು ಅಂತ ಪುರೋಹಿತರೇ ಹೇಳಿದ್ರು. ಮುಳ್ಳುಹಂದಿ ಮುಳ್ಳನ್ನ ಬಾಣದ ಥರ ಬಿಡುತ್ತೆ ಅನ್ನೋದೂ ಸುಳ್ಳೇ. ಅದು ಹಿಂದಕ್ಕೆ ಸರಿದು ಚುಚ್ಚುತ್ತೆ, ಸಡಿಲಾದ ಮುಳ್ಳು ಅಲ್ಲೇ ನಾಟಿಕೊಳ್ಳುತ್ತೆ.

ಹಿಂದಿನ ರೋಡಿನ ಹುಡುಗನ ಕೈಗೆ ಬಂದ್ರೆ, ಪಾಪಾಸುಕಳ್ಳಿಯ ದೊಡ್ಡ ಮುಳ್ಳಿಗಿಂತ ಕಣ್ಣಿಗೆ ಕಾಣದ ಕೂದಲ ಮುಳ್ಳೇ ಮೋಸ. ಉಜ್ಜಬೇಡಿ, ಇನ್ನೂ ಒಳಗೆ ಹೋಗುತ್ತೆ. ಅಗಲದ ಅಂಟು ಟೇಪು ಒತ್ತಿ ಎಳೀರಿ, ಎರಡು ಮೂರು ಸಲಕ್ಕೆ ಬರುತ್ತೆ. ಹಾಗೇ ಮಾಡಿದ್ವಿ, ಅಳು ನಿಂತಿತು.

ಗಿಡದ ವಿಷಯಕ್ಕೆ ಸಂಜೆವರೆಗೆ ಮಾತಾಯ್ತು. ರೋಡಿನ ಕಡೆ ಚಾಚಿದ್ದ ಹಲ್ಲೆಗಳನ್ನ ನಾನೇ ಕುಡುಗೋಲಲ್ಲಿ ಕುಯ್ದೆ, ಅಡ್ಡಕ್ಕೆ ಹಳೇ ತಗಡು ನಿಲ್ಲಿಸಿದ್ವಿ. ಬುಡ ಮಾತ್ರ ಹಂಗೇ ಇದೆ. ಅತ್ತೆ ಆ ಹುಡುಗನ್ನ ಕರೆದು, "ಹಣ್ಣು ಕೆಂಪಗಾದಾಗ ಬಾ, ಇಕ್ಕಳದಲ್ಲಿ ಕಿತ್ತು, ಬೆಂಕೀಲಿ ಮುಳ್ಳು ಸುಟ್ಟು, ಸಿಪ್ಪೆ ಬಿಡಿಸಿ ಕೊಡ್ತೀನಿ. ನಾಲಿಗೆ ಕೆಂಪಾಗ್ತದೆ" ಅಂದ್ರು. ಅವನು ಯಾವಾಗ ಯಾವಾಗ ಅಂತ ದಿನಾ ಗೇಟಿನ ಹತ್ರ ಬಂದು ಕೇಳ್ತಿದಾನೆ.