ನೇರಗೂದಲು ಕುರುಳಾದ ಕಥೆ

ಕನ್ನಡದಲ್ಲಿ ಗುಂಗುರುಗೂದಲಿಗೆ ಶಬ್ದಗಳ ಬಡತನವಿಲ್ಲ. ಕುರುಳು, ಮುಂಗುರುಳು, ನೀಳ್ಗುರುಳು, ಸಂಸ್ಕೃತದಿಂದ ಬಂದ ಅಳಕ... ಹಣೆಯ ಮೇಲಾಡುವ ಕುರುಳನ್ನು ದುಂಬಿಗಳ ಸಾಲಿಗೆ ಹೋಲಿಸುವುದರಲ್ಲಿ ನಮ್ಮ ಹಳಗನ್ನಡದ ಕವಿಗಳು ಎಂದೂ ದಣಿದವರಲ್ಲ. (ಇಂಗ್ಲಿಷಿನ 'ಕರ್ಲ್' ಶಬ್ದಕ್ಕೂ ನಮ್ಮ 'ಕುರುಳ್' ಶಬ್ದಕ್ಕೂ ಇರುವುದು ಧ್ವನಿಸಾಮ್ಯ ಮಾತ್ರ, ಅದು ಜರ್ಮಾನಿಕ್ ಮೂಲದ್ದು, ಇದು ಅಪ್ಪಟ ದ್ರಾವಿಡ.) ಆದರೆ ಹುಟ್ಟಿನಿಂದ ಕುರುಳಿಲ್ಲದ ಹೆಣ್ಣುಮಕ್ಕಳು ಏನು ಮಾಡಬೇಕೆಂಬುದನ್ನು ಕವಿಗಳು ಯೋಚಿಸಿದಂತೆ ಕಾಣದು. ಅದನ್ನು ಯೋಚಿಸಿದವರು ಕ್ಷೌರಿಕರು, ಆಮೇಲೆ ರಸಾಯನಶಾಸ್ತ್ರಜ್ಞರು. ಆ ಯೋಚನೆಗೆ ಬೆಲೆ ತೆತ್ತವರು ಮಾತ್ರ ಬೇರೆಯವರು. ಇಂದಿನ ಬರಹ ಆ ಕುರಿತು.

ಪ್ರಾಚೀನ ರೋಮಿನಲ್ಲಿ 'ಕಲಮಿಸ್ಟ್ರಮ್' ಎಂಬ ಲೋಹದ ಸಲಾಕೆಯೊಂದಿತ್ತು. ಅದನ್ನು ಬಿಸಿಬೂದಿಯಲ್ಲಿ ಕಾಯಿಸಿ ಒಡತಿಯ ಕೂದಲನ್ನು ಸುತ್ತುವುದು ದಾಸದಾಸಿಯರ ಕೆಲಸ. ಕೂದಲು ಸೀಯುವುದು ಆಗಲೂ ಇತ್ತು. ಕವಿ ಓವಿಡ್ ತನ್ನ 'ಅಮೋರೆಸ್' ಸಂಕಲನದ ಒಂದು ಕವಿತೆಯಲ್ಲಿ, ಬಣ್ಣ ಹಚ್ಚಿ, ಕಬ್ಬಿಣದಿಂದ ಕಾಯಿಸಿ ಕೂದಲು ಕಳೆದುಕೊಂಡ ತನ್ನ ಪ್ರೇಯಸಿಯನ್ನು ಗದರುತ್ತಾನೆ; ಇನ್ನು ಮೇಲೆ ಜರ್ಮನ್ ಸೆರೆಯಾಳುಗಳ ಕೂದಲನ್ನು ತೊಡಬೇಕಾದೀತೆಂದು ಚುಚ್ಚುತ್ತಾನೆ. ಮುಂದೆ ಇದೇ ವಿದ್ಯೆಯಲ್ಲಿ ಜಗತ್ಪ್ರಸಿದ್ಧನಾದವನು ಒಬ್ಬ ಜರ್ಮನನೇ ಎಂಬುದು ಓವಿಡನಿಗೆ ಹೇಗೆ ತಿಳಿಯಬೇಕು!

ಹದಿನೆಂಟನೆಯ ಶತಮಾನದ ಯೂರೋಪು ಈ ತೊಡಕನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿತು. ತಲೆಯ ಮೇಲಿನ ಕೂದಲಿನ ಗೊಡವೆಯೇ ಬೇಡ, ಟೋಪನ್ನು ಧರಿಸಿದರಾಯಿತು! ಟೋಪನ್ನು ಕಟ್ಟುವವರು ಕತ್ತರಿಸಿದ ಕೂದಲನ್ನು ಸುಟ್ಟ ಜೇಡಿಮಣ್ಣಿನ ಪುಟ್ಟ ಉರುಳೆಗಳಿಗೆ ಬಿಗಿಯಾಗಿ ಸುತ್ತಿ, ಗಂಟೆಗಟ್ಟಲೆ ನೀರಿನಲ್ಲಿ ಕುದಿಸಿ, ಒಣಗಿಸಿ, ಆಮೇಲೆ ರೊಟ್ಟಿಯ ಹಿಟ್ಟಿನೊಳಗೆ ಹುದುಗಿಸಿ ಒಲೆಯಲ್ಲಿ ಬೇಯಿಸುತ್ತಿದ್ದರು. ಓದುಗರು ನಗಬಹುದು, ಆದರೆ ಈ ಪಾಕಶಾಸ್ತ್ರದಲ್ಲಿ ವಿಜ್ಞಾನವಿದೆ. ತೇವ, ಶಾಖ, ಕಾಲ ಈ ಮೂರೂ ಕೂಡಿದರೆ ಕೂದಲು ಕೊಟ್ಟ ರೂಪದಲ್ಲಿಯೇ ನಿಲ್ಲುತ್ತದೆಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು. ತೊಂದರೆಯೆಂದರೆ, ಕತ್ತರಿಸಿದ ಕೂದಲನ್ನು ಕುದಿಸಬಹುದು, ತಲೆಯನ್ನು ಕುದಿಸಲಾಗದು.

1872ರಲ್ಲಿ ಪ್ಯಾರಿಸಿನ ಮಾರ್ಸೆಲ್ ಗ್ರಾತೋ ಎಂಬ ಕೇಶಶಿಲ್ಪಿ ಬಿಸಿ ಇಕ್ಕಳದಿಂದ ಅಲೆಯಲೆಯಾಗಿ ಕೂದಲನ್ನು ಮಡಿಸುವ ಕ್ರಮವೊಂದನ್ನು ಬಳಕೆಗೆ ತಂದನು. 'ಮಾರ್ಸೆಲ್ ಅಲೆ' ಎಂದೇ ಅದು ಹೆಸರಾಯಿತು. ಅಂದ ಬಹಳ, ಆಯುಸ್ಸು ಕಡಿಮೆ. ತಲೆಗೆ ನೀರು ಬಿದ್ದ ದಿನವೇ ಅಲೆ ಅಳಿಯುತ್ತಿತ್ತು.

ಹೀಗೇಕೆ? ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದ ಕಾಲದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಇದೇ ಪ್ರಶ್ನೆಯನ್ನು ತನ್ನದೇ ಮಾತಿನಲ್ಲಿ ಕೇಳಿದ್ದಳು. "ಸಾರ್, ಒದ್ದೆ ಕೂದಲಿಗೆ ಬಿಗಿಯಾಗಿ ಜಡೆ ಹೆಣ್ಕೊಂಡು ಮಲಗಿದ್ರೆ ಬೆಳಿಗ್ಗೆ ಗುಂಗುರಾಗಿರುತ್ತೆ. ತಲೆಗೆ ಎರ್ಕೊಂಡ ತಕ್ಷಣ ಯಾಕೆ ಹೋಗ್ಬಿಡುತ್ತೆ?" ತರಗತಿಯೆಲ್ಲ ನಕ್ಕಿತು. ಆ ವರ್ಷ ನನಗೆ ಬಂದ ಪ್ರಶ್ನೆಗಳಲ್ಲಿ ಅದು ಅತ್ಯುತ್ತಮವಾದುದೆಂದು ಈಗಲೂ ಭಾವಿಸುತ್ತೇನೆ. ಅಂದು ಹಲಗೆಯ ಮೇಲೆ ಬರೆದು ತೋರಿಸಿದ್ದು ಇಷ್ಟು: ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಉದ್ದುದ್ದ ಸರಪಳಿಗಳ ಕಟ್ಟು. ಈ ಸರಪಳಿಗಳನ್ನು ಅಕ್ಕಪಕ್ಕದಲ್ಲಿ ಹಿಡಿದಿಡುವ ಬಂಧಗಳಲ್ಲಿ ಎರಡು ಬಗೆ ಮುಖ್ಯ. ಒಂದು ಜಲಜನಕ ಬಂಧ. ಇದು ಬಟ್ಟೆಗೆ ಹಾಕಿದ ಗುಂಡುಸೂಜಿಯಂತೆ, ನೀರು ತಗುಲಿದರೆ ಕಳಚುತ್ತದೆ, ಒಣಗಿದರೆ ಕೂಡುತ್ತದೆ. ಒದ್ದೆ ಜಡೆ ಒಣಗುವಾಗ ಈ ಬಂಧಗಳು ಬಾಗಿದ ಸ್ಥಿತಿಯಲ್ಲಿಯೇ ಕೂಡುವುದರಿಂದ ಗುಂಗುರು ಬರುತ್ತದೆ, ಮತ್ತೆ ನೀರು ಬಿದ್ದರೆ ಹೋಗುತ್ತದೆ. ಮಳೆಗಾಲದ ತೇವವೇ ಸಾಕು ಅದನ್ನು ಇಳಿಸಲು. ಇನ್ನೊಂದು ಗಂಧಕದ ಬಂಧ. ಇದು ಹೊಲಿಗೆಯಂತೆ, ಬರಿಯ ನೀರಿಗೆ ಬಗ್ಗದು. ಕೂದಲಿನ ತೂಕದಲ್ಲಿ ಸುಮಾರು 5 ಪ್ರತಿಶತ ಗಂಧಕವೇ ಇದೆ. ಕೂದಲು ಸುಟ್ಟಾಗ ಬರುವ ಆ ಘಾಟಿನಲ್ಲಿ ಅದರ ಪಾಲುಂಟು. ಕುರುಳು ನಿಲ್ಲಬೇಕಾದರೆ ಈ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬೇಕು.

ಇದಾವುದನ್ನೂ ಅರಿಯದೆ ಕೇವಲ ಹಟದಿಂದ ಅದನ್ನು ಸಾಧಿಸಿದವನು ಕಾರ್ಲ್ ನೆಸ್ಲರ್. 1872ರಲ್ಲಿ, ಎಂದರೆ ಮಾರ್ಸೆಲ್ ಅಲೆ ಹುಟ್ಟಿದ ವರ್ಷವೇ, ಜರ್ಮನಿಯ ಕಪ್ಪು ಅರಣ್ಯ ಸೀಮೆಯ ಟೋಡ್ಟ್‌ನೌ ಎಂಬ ಊರಿನಲ್ಲಿ ಚಮ್ಮಾರನ ಮಗನಾಗಿ ಜನಿಸಿದನು. ಕ್ಷೌರಿಕನಾಗಿ ಸ್ವಿಟ್ಜರ್‌ಲೆಂಡು, ಪ್ಯಾರಿಸುಗಳಲ್ಲಿ ದುಡಿದು ಲಂಡನ್ನಿಗೆ ಬಂದು ನೆಲೆಸಿ, ಫ್ರೆಂಚರ ಹೆಸರೇ ಈ ವೃತ್ತಿಗೆ ಭೂಷಣವೆಂದು ತಿಳಿದು 'ಚಾರ್ಲ್ಸ್ ನೆಸ್ಲೆ' ಆದನು. ಕೂದಲಿಗೆ ಕ್ಷಾರದ್ರವ ಹಚ್ಚಿ, ಹಿತ್ತಾಳೆಯ ಕಡ್ಡಿಗಳಿಗೆ ಸುತ್ತಿ, ನೀರು ಕುದಿಯುವುದಕ್ಕಿಂತ ಹೆಚ್ಚಿನ ಶಾಖದಲ್ಲಿ ಕಾಯಿಸುವುದು ಈತನ ಉಪಾಯ. ಒಂದೊಂದು ಕಡ್ಡಿಯೂ ಸುಮಾರು 900 ಗ್ರಾಂ ತೂಕ, ಅಂಥವು ಹನ್ನೆರಡು. ಆ ಭಾರವನ್ನು ಕುತ್ತಿಗೆ ಹೊರಲಾರದೆಂದು ಮೇಲೆ ತೂಗುದೀಪದಂಥ ಚೌಕಟ್ಟು, ಅದಕ್ಕೆ ಪ್ರತಿಭಾರಗಳು. ಕುಳಿತವರು ಸುಮಾರು ಆರು ಗಂಟೆಗಳ ಕಾಲ ಕುಳಿತೇ ಇರಬೇಕು.

ಮೊದಲು ಕುಳಿತವಳು ಕ್ಯಾಥರೀನಾ ಲೈಬಲ್. ನೆಸ್ಲರನ ಮೊದಲ ಎರಡು ಪ್ರಯತ್ನಗಳಲ್ಲಿ ಅವಳ ಕೂದಲು ಪೂರ್ತಿ ಸುಟ್ಟುಹೋಯಿತು, ನೆತ್ತಿಯ ಚರ್ಮವೂ ಸುಟ್ಟಿತು. ಆಮೇಲೆಯೂ ಅವಳು ಮತ್ತೆ ತಲೆಯೊಡ್ಡಿದಳು. ಅವನನ್ನೇ ವರಿಸಿದಳು ಕೂಡ. ಕೇಶಾಲಂಕಾರದ ಇತಿಹಾಸ ಬರೆಯುವವರೆಲ್ಲ ಈ ಸಂಗತಿಯನ್ನು ಒಂದು ವಾಕ್ಯದಲ್ಲಿ, ತುಸು ವಿನೋದದ ಧಾಟಿಯಲ್ಲಿ ಹೇಳಿ ಮುಂದೆ ಸಾಗುತ್ತಾರೆ. ನನಗೆ ಅಲ್ಲಿಂದ ಮುಂದೆ ಸಾಗುವುದು ಕಷ್ಟವಾಗುತ್ತದೆ. ಮೊದಲ ಸಲ ಸುಟ್ಟಾಗ ಅದು ಅಪಘಾತವೆನ್ನೋಣ. ಎರಡನೆಯ ಸಲ ಕುಳಿತಾಗ ಅವಳಿಗೆ ತಿಳಿದಿತ್ತಲ್ಲವೇ? ಸುಟ್ಟ ನೆತ್ತಿ ಮಾಯ್ದು, ಸುತ್ತುವಷ್ಟು ಕೂದಲು ಮತ್ತೆ ಬೆಳೆಯಲು ಎಷ್ಟು ತಿಂಗಳು ಬೇಕು ಎಂದು ಲೆಕ್ಕ ಹಾಕಿದರೆ (ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರು ಬೆಳೆಯುತ್ತದೆ) ಆ ಪ್ರಯೋಗದ ನಿಜವಾದ ಪ್ರಯೋಗಶಾಲೆ ಯಾವುದೆಂಬುದು ಗೊತ್ತಾಗುತ್ತದೆ. ಇತಿಹಾಸದಲ್ಲಿ ಶೋಧಕನ ಹೆಸರು ನೆಸ್ಲರ್ ಎಂದಿದೆ. ಇರಲಿ.

1905ರ ಸುಮಾರಿಗೆ ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ನೆಸ್ಲರ್ ತನ್ನ ವಿಧಾನವನ್ನು ಸಾರ್ವಜನಿಕವಾಗಿ ತೋರಿಸಿದನು. 1909ರಲ್ಲಿ ಪೇಟೆಂಟೂ ಪಡೆದನು. ಒಡನೆ ಯಾರೂ ಮುಗಿಬೀಳಲಿಲ್ಲ. 1914ರಲ್ಲಿ ಮಹಾಯುದ್ಧ ಬಂದಿತು. ಫ್ರೆಂಚ್ ಹೆಸರು ಅವನನ್ನು ಕಾಪಾಡಲಿಲ್ಲ. ಜರ್ಮನನಾದುದರಿಂದ ಶತ್ರುರಾಷ್ಟ್ರದ ಪ್ರಜೆಯೆಂದು ಬಂಧನವಾಗಿ, ಆಸ್ತಿ ಕಳೆದುಕೊಂಡು, 1915ರಲ್ಲಿ ನ್ಯೂಯಾರ್ಕಿಗೆ ಹೋದನು. ಅಲ್ಲಿ ಅದೃಷ್ಟ ಖುಲಾಯಿಸಿತು. ಯುದ್ಧಾನಂತರದ ಹೆಣ್ಣುಮಕ್ಕಳು ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಳ್ಳತೊಡಗಿದ್ದರು; ಗಿಡ್ಡಗೂದಲಿಗೆ ಅಲೆ ಇದ್ದರೇ ಚೆಲುವು. ಗಳಿಸಿದ್ದನ್ನು 1929ರ ಷೇರುಪೇಟೆಯ ಕುಸಿತ ನುಂಗಿತು. 1951ರಲ್ಲಿ ಅಮೆರಿಕದಲ್ಲಿಯೇ ತೀರಿಕೊಂಡನು.

ಇದೇ ಕಾಲದಲ್ಲಿ ಷಿಕಾಗೋದಲ್ಲಿ ಮಾರ್ಜೊರಿ ಜಾಯ್ನರ್ ಎಂಬ ಮಹಿಳೆಯಿದ್ದಳು. 1896ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿದವಳು, ಗುಲಾಮರ ಸಂತತಿ. 1916ರಲ್ಲಿ ಅಲ್ಲಿನ ಸೌಂದರ್ಯಶಾಲೆಯೊಂದರಿಂದ ತೇರ್ಗಡೆಯಾಗಿ, ಕಪ್ಪುಜನರ ಕೇಶಾಲಂಕಾರದ ವ್ಯಾಪಾರದಿಂದ ಪ್ರಸಿದ್ಧಳಾಗಿದ್ದ ಮೇಡಂ ಸಿ.ಜೆ. ವಾಕರಳ ಸಂಸ್ಥೆಯನ್ನು ಸೇರಿದಳು. ಒಂದು ದಿನ ಅಡುಗೆಮನೆಯಲ್ಲಿ ಮಾಂಸದ ದೊಡ್ಡ ತುಂಡು ಒಳಗಿನವರೆಗೂ ಬೇಯಲೆಂದು ಅದಕ್ಕೆ ಚುಚ್ಚಿದ್ದ ಲೋಹದ ಕಡ್ಡಿಗಳನ್ನು ಕಂಡು, ಕೂದಲನ್ನೂ ಹೀಗೆಯೇ ಒಟ್ಟಿಗೆ ಏಕೆ ಬೇಯಿಸಬಾರದು ಎಂದು ಹೊಳೆಯಿತಂತೆ. ಟೋಪನ್ನಿನವರ ರೊಟ್ಟಿಯೊಲೆ ನೆನಪಾಗುತ್ತದೆ! ಅನೇಕ ಕಡ್ಡಿಗಳನ್ನು ಒಂದೇ ವಿದ್ಯುತ್ ಟೊಪ್ಪಿಗೆಗೆ ಜೋಡಿಸಿದ ಆ ಯಂತ್ರಕ್ಕೆ 1928ರ ನವೆಂಬರ್ 27ರಂದು ಪೇಟೆಂಟ್ ದೊರೆಯಿತು. ನೇರಗೂದಲನ್ನು ಗುಂಗುರಾಗಿಸಲೂ ಗುಂಗುರನ್ನು ನೇರವಾಗಿಸಲೂ ಅದು ಬರುತ್ತಿತ್ತು. ಪೇಟೆಂಟಿನ ಹಕ್ಕು ಮಾತ್ರ ಸಂಸ್ಥೆಗೆ ಸೇರಿತು. ಆಕೆಗೆ ಅದರಿಂದ ಹಣವೇನೂ ಬರಲಿಲ್ಲವೆಂದೇ ಹೇಳಬೇಕು. ಸಾವಿರಾರು ಹುಡುಗಿಯರಿಗೆ ವೃತ್ತಿ ಕಲಿಸಿದ ಈಕೆ 1973ರಲ್ಲಿ, ತನ್ನ 77ನೆಯ ವಯಸ್ಸಿನಲ್ಲಿ, ಬೆತೂನ್-ಕುಕ್ಮನ್ ಕಾಲೇಜಿನಿಂದ ಪದವಿ ಪಡೆದಳು. ನಿವೃತ್ತಿಯ ನಂತರ ಇನ್ನೇನು ಓದು ಎನ್ನುವ ನನ್ನ ಕೆಲವು ಮಿತ್ರರಿಗೆ ಈ ಸಾಲನ್ನು ಎರಡು ಸಲ ಓದಬೇಕೆಂದು ಕೋರುತ್ತೇನೆ.

ಬಿಸಿಯಿಲ್ಲದೆ ಹೊಲಿಗೆ ಬಿಚ್ಚುವ ದಾರಿ ಸಿಕ್ಕಿದ್ದು ಕ್ಷೌರಿಕರಿಂದಲ್ಲ. ಇಂಗ್ಲೆಂಡಿನ ಲೀಡ್ಸ್ ಉಣ್ಣೆಯ ಊರು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ 1930ರ ದಶಕದಲ್ಲಿ ಆಸ್ಟ್‌ಬರಿ ಕ್ಷಕಿರಣಗಳಿಂದ ಉಣ್ಣೆಯ ಎಳೆಯನ್ನು ನೋಡಿ, ಎಳೆದಾಗ ಅದರ ಒಳರಚನೆಯೇ ಬದಲಾಗುವುದನ್ನು ತೋರಿಸಿದನು; ಸ್ಪೀಕ್ಮನ್ ಗಂಧಕ ಬಂಧಗಳು ಮುರಿದು ಕೂಡುವ ಬಗೆಯನ್ನು ಅಭ್ಯಸಿಸಿದನು. 1934ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಗೊಡಾರ್ಡ್ ಮತ್ತು ಮೈಕೇಲಿಸ್ ಥಯೋಗ್ಲೈಕೊಲಿಕ್ ಆಮ್ಲ ಕ್ಷಾರದ್ರವದಲ್ಲಿ ಕೆರಾಟಿನ್ನಿನ ಆ ಬಂಧಗಳನ್ನು ಬಿಡಿಸುತ್ತದೆಂದು ಕಂಡುಕೊಂಡರು. ಕಿಣ್ವಗಳ ಪಾಠದಲ್ಲಿ ಬರುವ ಮೈಕೇಲಿಸ್-ಮೆಂಟೆನ್ ಸಮೀಕರಣದ ಮೈಕೇಲಿಸನೇ ಈತ. 1940ರ ದಶಕದ ಹೊತ್ತಿಗೆ 'ತಣ್ಣನೆಯ ಅಲೆ' ಅಂಗಡಿಗಳಿಗೆ ಬಂದಿತು: ಅಮೋನಿಯಂ ಥಯೋಗ್ಲೈಕೊಲೇಟ್ ಹಚ್ಚಿ ಬಂಧ ಬಿಡಿಸುವುದು, ಉರುಳೆಗೆ ಸುತ್ತುವುದು, ಹೈಡ್ರೊಜನ್ ಪೆರಾಕ್ಸೈಡಿನಂಥ ದ್ರಾವಣದಿಂದ ಮತ್ತೆ ಕೂಡಿಸುವುದು. ತೂಗುದೀಪದ ಯಂತ್ರಗಳು ಅಟ್ಟ ಸೇರಿದವು. ಮನೆಯಲ್ಲಿಯೇ ಮಾಡಿಕೊಳ್ಳುವ 'ಟೋನಿ' ಪೆಟ್ಟಿಗೆಯನ್ನು ಮಾರುತ್ತಿದ್ದ ಕಂಪನಿಯನ್ನು 1948ರಲ್ಲಿ ಜಿಲೆಟ್ 2 ಕೋಟಿ ಡಾಲರಿಗೆ ಕೊಂಡಿತು.

'ಶಾಶ್ವತ ಅಲೆ' ಎಂಬ ಹೆಸರಿನಲ್ಲಿ ಶಾಶ್ವತವಾದುದು ಸುತ್ತಿದ ಭಾಗ ಮಾತ್ರ. ಬುಡದಿಂದ ಬರುವ ಹೊಸ ಕೂದಲು ಎಂದಿನಂತೆ ನೇರ. ಇಂದು ಜಪಾನ್, ಕೊರಿಯಾಗಳಲ್ಲಿ ರಸಾಯನದ ಜೊತೆಗೆ ವಿದ್ಯುತ್ತಿನಿಂದ ಕಾಯುವ ಕಡ್ಡಿಗಳನ್ನೂ ಬಳಸುವ 'ಡಿಜಿಟಲ್ ಪರ್ಮ್' ಜನಪ್ರಿಯವಾಗಿದೆ. ನೆಸ್ಲರನ ಕಡ್ಡಿ ಮರಳಿ ಬಂದಿದೆ, ಶಾಖವನ್ನು ಅಳೆಯುವ ಸಾಧನದೊಡನೆ. ನಮ್ಮ ಬೆಂಗಳೂರಿನ ಪಾರ್ಲರುಗಳಲ್ಲಿಯೂ ಥಯೋಗ್ಲೈಕೊಲೇಟಿಗೆ ಕೆಲಸವಿದೆ. ಅಲ್ಲಿ ಅದನ್ನು ಹಚ್ಚಿಸಿಕೊಳ್ಳುವವರಲ್ಲಿ ಬಹಳ ಮಂದಿ ಹುಟ್ಟುಗುಂಗುರಿನವರು, ಕೂದಲನ್ನು ನೇರವಾಗಿಸಿಕೊಳ್ಳಲು ಬಂದವರು.